ಟೇಪ್ ನನ್ನ ಕೊರಳಲ್ಲೇ ಇತ್ತು

ದಸರೆಯ ಬಟ್ಟೆಗಳ ಗಡಿಬಿಡಿ ಮುಗಿದ ಮೇಲೆ ಒಂದು ದಿನ ನಾನು ಬಿಕರ್ನಕಟ್ಟೆಯ ಒಂದು ಮೆಡಿಕಲ್‌ಗೆ ಹೋದೆ. ನನ್ನ ಹೊಲಿಗೆ ಅಂಗಡಿ ಇರುವುದು ಕುದ್ರೋಳಿಯಲ್ಲಿ. ನಡುವೆ ಎಷ್ಟು ಮೆಡಿಕಲ್‌ಗಳಿವೆ ಎಂದು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಬಸ್ಸಿನಲ್ಲಿ ಕುಳಿತು ಎಲ್ಲವನ್ನೂ ದಾಟಿ ಹೋದೆ. ನನಗೆ ಬೇಕಾಗಿದ್ದದ್ದು ನನ್ನ ಮುಖ ಗೊತ್ತಿಲ್ಲದ ಅಂಗಡಿಯವನು.

ಬಾಲ ಯೇಸುವಿನ ಗುಡಿಗೆ ಹೊರಟವರ ಗುಂಪೊಂದು ನೀರಿನ ಬಾಟಲಿ ಕೊಂಡು ಮುಂದೆ ಹೋಗುವವರೆಗೆ ಕಾದೆ. ಆಮೇಲೆ ಸ್ವರ ತಗ್ಗಿಸಿ ಹೇಳಿದೆ. ಗರ್ಭ ಪರೀಕ್ಷೆಯ ಕಿಟ್.

ಅವನು ಮೊದಲು ನೋಡಿದ್ದು ನನ್ನ ಕುತ್ತಿಗೆಯನ್ನು. ಕರಿಮಣಿ ಇದೆಯೇ ಎಂದು. ಅಲ್ಲಿ ಕರಿಮಣಿ ಇರಲಿಲ್ಲ, ಅಳತೆಯ ಟೇಪ್ ನೇತಾಡುತ್ತಿತ್ತು! (ಗಡಿಬಿಡಿಯಲ್ಲಿ ತೆಗೆದಿಡಲು ಮರೆತು ಇಡೀ ಬಸ್ಸಿಗೆ ತೋರಿಸಿಕೊಂಡು ಬಂದಿದ್ದೆ.)

“ನಿಮಗಾ?”

“ಹೌದು, ನನಗೇ.”

ಸುಳ್ಳು. ನನಗಲ್ಲ, ನನ್ನ ತಂಗಿಗೆ. ಒಂಬತ್ತನೇ ಕ್ಲಾಸಿನಲ್ಲಿ ಓದುವ ನನ್ನ ತಂಗಿಗೆ.

ಈ ಅಂಕಣ ಓದುವ ನಿಮಗೆ ನನ್ನ ಗುಣ ಗೊತ್ತು. ಎಂಟನೆಯಲ್ಲೇ ಶಾಲೆ ಬಿಟ್ಟು ಮೆಷಿನಿನ ಮುಂದೆ ಕುಳಿತವಳು. ಯಾರನ್ನೂ ನಂಬದವಳು. “ಕಳೆದ ವರ್ಷದ ಅಳತೆಯೇ ಇರಲಿ, ನಾನು ಸ್ವಲ್ಪವೂ ದಪ್ಪ ಆಗ್ಲಿಲ್ಲ” ಎನ್ನುವ ಗಿರಾಕಿಗಳ ಬಗ್ಗೆ ಇಲ್ಲಿ ಎಷ್ಟು ಸಲ ತಮಾಷೆ ಮಾಡಿಲ್ಲ? ಬಾಯಿ ಸುಳ್ಳು ಹೇಳುತ್ತದೆ, ಟೇಪ್ ಹೇಳುವುದಿಲ್ಲ ಎಂದು ದೊಡ್ಡದಾಗಿ ಬರೆದವಳು ನಾನು. ಟೇಪ್ ನಿಜವನ್ನೇ ಹೇಳಿದಾಗ ನಾನು ಏನು ಮಾಡಿದೆ ಎನ್ನುವುದೇ ಇವತ್ತಿನ ವಿಷಯ.

ತಂಗಿಯನ್ನು ಇಲ್ಲಿ ಅನನ್ಯಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. “ಬರೆಯುವುದಾದ್ರೆ ಬರಿ. ಆದ್ರೆ ಹೆಸರು ಚಂದದ್ದು ಹಾಕು, ನಿನ್ನ ಗಿರಾಕಿಗಳ ಹಾಗಿನ ಹಳೇ ಹೆಸರು ಬೇಡ” ಎಂದು ಅವಳೇ ಆರಿಸಿಕೊಂಡದ್ದು.

ಅನನ್ಯಾ ಹುಟ್ಟುವಾಗ ನಾನು ಆಗಲೇ ಹೊಲಿಗೆ ಕಲಿಯುತ್ತಿದ್ದೆ. ನನ್ನ ಕೈಯಿಂದ ಪೂರ್ತಿಯಾದ ಮೊದಲ ಬಟ್ಟೆ ಅವಳ ತೊಟ್ಟಿಲಿನ ಅಂಗಿ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ, ನಾನು, ಅವಳು. ಅಂಗಡಿಯ ಹಿಂದೆಯೇ ಮನೆ.

ಕಳೆದ ವರ್ಷ ಅವಳಿಗೆ ನಿದ್ದೆ ತಪ್ಪಿತು. ಆಮೇಲೆ ಊಟ. ಆಮೇಲೆ ಶಾಲೆ. ಗೋಡೆಯ ಆಚೆ ಯಾರೋ ನಿಂತು ತನ್ನ ಬಗ್ಗೆ ಕೊಳಕು ಕೊಳಕಾಗಿ ಮಾತಾಡುತ್ತಾರೆ ಎನ್ನುತ್ತಿದ್ದಳು. ಗೋಡೆಯ ಆಚೆ ಇದ್ದದ್ದು ಪಕ್ಕದ ಮನೆಯ ಸೌದೆ ಕೊಟ್ಟಿಗೆ. ಅಮ್ಮ ಅಲ್ಲಿಗೂ ಹೋಗಿ ಟಾರ್ಚ್ ಬಿಟ್ಟು ನೋಡಿ ಬಂದಳು, ಪಾಪ. ಕೊನೆಗೆ ಕದ್ರಿಯ ಹತ್ತಿರದ ಒಬ್ಬರು ಮನಸ್ಸಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆವು. ಅವರು ಮಾತ್ರೆ ಕೊಟ್ಟರು. ಬೇಸಿಗೆ ರಜೆ ಮುಗಿಯುವುದರೊಳಗೆ ಗೋಡೆ ಸುಮ್ಮನಾಯಿತು. ಜೂನಿನಲ್ಲಿ ಹುಡುಗಿ ಹೊಸ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೊರಟಳು. ಅವತ್ತು ಅಮ್ಮ ಗೇಟಿನಲ್ಲಿ ನಿಂತು ಅತ್ತದ್ದು ಇನ್ನೂ ನೆನಪಿದೆ.

ಆ ಮಾತ್ರೆ ನಿಂತರೆ ಗೋಡೆ ಮತ್ತೆ ಮಾತಾಡುತ್ತದೆ. ನನಗಿದ್ದ ಭಯ ಅದೊಂದೇ.

ಹಾಗಾಗಿ ನಾನು ಕಾವಲು ಕುಳಿತೆ. ಮಾತ್ರೆ ನನ್ನ ಕೈಯಿಂದಲೇ. ನೀರು ನನ್ನ ಕಣ್ಣೆದುರೇ. ನುಂಗಿದ ಮೇಲೆ ಬಾಯಿ ಪರೀಕ್ಷೆ. “ಆ ಮಾಡು. ನಾಲಗೆ ಎತ್ತು. ಆ ಬದಿ ತೋರಿಸು.” ಮಕ್ಕಳು ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಂಡು ಆಮೇಲೆ ಉಗುಳುತ್ತಾರೆ ಎಂದು ಯಾರೋ ಹೇಳಿದ್ದರು. ತುಳಸಿ ಕಟ್ಟೆಯ ಬುಡವನ್ನೂ ಕೆದಕಿ ನೋಡಿದ್ದೇನೆ!

“ನನ್ನನ್ನು ನೋಡಿದ್ರೆ ಏರ್‌ಪೋರ್ಟಿನಲ್ಲಿ ಕದ್ದು ಚಿನ್ನ ತರುವವರ ಹಾಗೆ ಕಾಣ್ತದಾ ನಿಂಗೆ?” ಎಂದು ಅನನ್ಯಾ ಬಾಯಿ ತೆರೆದುಕೊಂಡೇ ಕೇಳುತ್ತಿದ್ದಳು.

“ಮಾತಾಡ್ಬೇಡ. ನಾಲಗೆ ಎತ್ತು.”

ಈಗ ಹೇಳಬೇಕಾದ ಮಾತು. ಡಾಕ್ಟರ್ ಮೊದಲ ದಿನವೇ ಇನ್ನೂ ಕೆಲವು ವಿಷಯ ಹೇಳಿದ್ದರು. ತೂಕ ನೋಡುತ್ತಾ ಇರಿ. ಸೊಂಟದ ಅಳತೆ ನೋಡಿ. ಹಸಿವು ಜಾಸ್ತಿಯಾದರೆ, ಬಾಯಾರಿಕೆ ಜಾಸ್ತಿಯಾದರೆ, ಮುಟ್ಟು ಏರುಪೇರಾದರೆ ಕೂಡಲೇ ಬಂದು ಹೇಳಿ. ಇಂಗ್ಲಿಷಿನಲ್ಲಿ ಹೇಳಿದ್ದರೆ ಕಡಿಮೆ ಓದಿದವಳು, ಅರ್ಥವಾಗಲಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಅವರು ಹೇಳಿದ್ದು ತುಳುವಿನಲ್ಲಿ! ನನ್ನ ಕಿವಿಗೆ ಹೋದದ್ದು ಮಾತ್ರ ಒಂದೇ ವಾಕ್ಯ. ಮಾತ್ರೆ ತಪ್ಪಬಾರದು.

ಆಮೇಲಿನ ತಿಂಗಳುಗಳಲ್ಲಿ ನಾನು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಲೇ ಇಲ್ಲ. ನಾನೊಬ್ಬಳೇ ಹೋಗಿ ಚೀಟಿ ಬರೆಸಿಕೊಂಡು ಬರುತ್ತಿದ್ದೆ.

“ಹುಡುಗಿ ಎಲ್ಲಿ? ಅವಳ ತೂಕ ನೋಡ್ಲಿಕ್ಕೆ ಉಂಟು. ಮುಂದಿನ ಸಲ ಕರ್ಕೊಂಡು ಬನ್ನಿ” ಎಂದು ಡಾಕ್ಟರ್ ಹೇಳುತ್ತಿದ್ದರು.

“ಆಯ್ತು ಡಾಕ್ಟ್ರೇ. ಶಾಲೆ ಉಂಟಲ್ಲ, ಹಾಗೆ ಬರ್ಲಿಲ್ಲ. ಒಂದು ದಿನವೂ ತಪ್ಪದೆ ತಿಂತಾಳೆ. ಎಲ್ಲ ಸರಿ ಉಂಟು.”

ಶಾಲೆ ಎನ್ನುವುದು ನೆವ. ಆ ಡಾಕ್ಟರ ಬೆಂಚಿನಲ್ಲಿ ಅವಳು ಕುಳಿತದ್ದನ್ನು ನಮ್ಮ ಕಡೆಯ ಯಾರಾದರೂ ನೋಡಿದರೆ? ನಾಳೆ ಸಂಬಂಧ ನೋಡುವಾಗ? ಸಂಬಂಧ ನೋಡುವ ಕಾಲಕ್ಕೆ ಇನ್ನೂ ಎಷ್ಟು ವರ್ಷ ಇದೆ ಎಂದು ನೀವು ಕೇಳಬಹುದು. ಅನುಮಾನಕ್ಕೆ ಎಲ್ಲದಕ್ಕೂ ಮೊದಲೇ ಹೊರಡುವ ಅಭ್ಯಾಸ.

ಇತ್ತ ಮನೆಯಲ್ಲಿ ಅನನ್ಯಾ ಉಣ್ಣತೊಡಗಿದಳು. ಎರಡನೇ ಸಲ ಅನ್ನ, ಮೂರನೇ ಸಲ ಅನ್ನ. ಸಂಜೆಗೆಂದು ಮಾಡಿಟ್ಟ ಬನ್ಸ್ ಮಧ್ಯಾಹ್ನವೇ ಖಾಲಿ. “ಒಂದು ಕಾಲದಲ್ಲಿ ತುತ್ತು ಮುಟ್ತಿರ್ಲಿಲ್ಲ. ತಿನ್ಲಿ ಬಿಡು, ಕಣ್ಣು ಹಾಕ್ಬೇಡ” ಎಂದು ಅಮ್ಮನಿಗೆ ಸಂತೋಷ.

ಚೌತಿಯ ಹೊತ್ತಿಗೆ ಯೂನಿಫಾರ್ಮ್ ಬಿಗಿಯಾಯಿತು. ಬೆಳೆಯುವ ಮಕ್ಕಳ ಬಟ್ಟೆಗೆ ನಾವು ಟೈಲರುಗಳು ಹೊಲಿಗೆಯ ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರುತ್ತೇವೆ. ಬದಿಯ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟೆ. ದಸರೆಗೆ ಮೊದಲು ಪುನಃ ಬಿಗಿ. ಈ ಸಲ ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಎರಡು ಬದಿಗೂ ಪಟ್ಟಿ ಕೊಟ್ಟೆ. ಹೊರಗಿನಿಂದ ಯಾರಿಗೂ ಗೊತ್ತಾಗದ ಹಾಗೆ ಕೊಟ್ಟೆ. (ಕೆಲಸದಲ್ಲಿ ನನಗೆ ಸ್ವಲ್ಪ ಅಹಂಕಾರವೂ ಇದೆ.) ಒಂದು ಮಗುವಿನ ಯೂನಿಫಾರ್ಮನ್ನು ಒಂದೇ ಮಳೆಗಾಲದಲ್ಲಿ ಎರಡು ಸಲ ಬಿಚ್ಚಿದ ಟೈಲರಿಗೆ ಒಂದು ಪ್ರಶ್ನೆಯಾದರೂ ಬರಬೇಡವೇ?

ಬಂತು. ಆದರೆ ಪ್ರಶ್ನೆ ಹೋದ ದಾರಿಯೇ ಬೇರೆ.

ನಮ್ಮ ಮನೆಯಲ್ಲಿ ಸಂಜೆ ದೇವರಿಗೆ ದೀಪ ಹಚ್ಚುವುದು ಅನನ್ಯಾಳ ಕೆಲಸ. ಮುಟ್ಟಿನ ದಿನಗಳಲ್ಲಿ ಮಾತ್ರ ಅಮ್ಮ ಹಚ್ಚುತ್ತಾಳೆ. ಇದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ, ನಮ್ಮಲ್ಲಿ ಹಾಗೆ ನಡೆದುಕೊಂಡು ಬಂದಿದೆ. ಹಾಗಾಗಿ ಯಾರು ಯಾವಾಗ ಹೊರಗಾದರು ಎಂದು ಕೇಳಬೇಕಾಗಿಲ್ಲ, ದೀಪ ಹಚ್ಚುವ ಕೈ ನೋಡಿದರೆ ಸಾಕು. ಒಂದು ಸಂಜೆ ಅಮ್ಮ ಮೊಣಕಾಲು ತಿಕ್ಕಿಕೊಳ್ಳುತ್ತಾ, “ನನಗೆ ಈಗ ದೀಪದ ಕೆಲಸವೇ ಇಲ್ಲ ನೋಡು. ಎಲ್ಲ ದಿನ ಅವಳೇ ಹಚ್ತಾಳೆ” ಎಂದಳು. ಅಮ್ಮ ಹೇಳಿದ್ದು ಮೆಚ್ಚಿಕೊಂಡು. ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು.

ಎಲ್ಲ ದಿನವೂ? ಎಷ್ಟು ತಿಂಗಳಿಂದ?

ಅಲ್ಲಿಂದ ನಾನು ನಾನಾಗಿ ಉಳಿಯಲಿಲ್ಲ. ಶಾಲೆಯ ವ್ಯಾನಿನವನು “ಅಕ್ಕ, ಹುಡುಗಿ ಈಗ ನಗ್ತಾಳೆ ಅಲ್ವಾ” ಎಂದರೆ, ಇವನಿಗೆ ಅವಳ ನಗು ಯಾಕೆ ಎಂದು ಅನುಮಾನ. ಟ್ಯೂಶನ್ನಿನ ಸರ್ ಮೇಲೆ ಅನುಮಾನ. ಅವಳ ಗೆಳತಿಗೆ ಒಬ್ಬ ಅಣ್ಣ ಇದ್ದಾನೆ, ಅವನ ಮೇಲೂ. (ಅವನು ನಾಲ್ಕು ವರ್ಷದಿಂದ ದುಬೈಯಲ್ಲಿದ್ದಾನೆಂದು ಆಮೇಲೆ ಗೊತ್ತಾಯಿತು.) ರವಿಕೆ ಕೊಡಲು ಬಂದ ಸುಮತಿ ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, “ನಿನ್ನ ತಂಗಿ ತೋರ ಆಗಿದ್ದಾಳೆ, ಚಂದ ಆಗಿದ್ದಾಳೆ. ಆದ್ರೂ ಹುಡುಗಿಯರ ಮೇಲೆ ಒಂದು ಕಣ್ಣು ಇರ್ಬೇಕು ಮಾರಾಯ್ತಿ” ಎಂದರು.

ಒಂದೇ ಕಣ್ಣೇ? ನನ್ನ ಎರಡೂ ಅವಳ ಮೇಲೆಯೇ ಇದ್ದವು.

ಅವಳು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದೆ. ಮದರಂಗಿಯ ಚಿತ್ರಗಳು, ಗಣಿತದ ಪಾಠ. ಆಮೇಲೆ ಅವಳು ಹುಡುಕಿದ ಒಂದು ಪ್ರಶ್ನೆ ಸಿಕ್ಕಿತು. ಮುಟ್ಟು ಯಾಕೆ ನಿಲ್ಲುತ್ತದೆ? ಅದಕ್ಕೆ ಫೋನ್ ಕೊಟ್ಟ ಮೊದಲನೇ ಉತ್ತರ ನನ್ನ ತಲೆಯಲ್ಲಿದ್ದದ್ದೇ.

ಇನ್ನೆಂತಹ ಸಾಕ್ಷಿ ಬೇಕು? ಬಿಕರ್ನಕಟ್ಟೆಯ ಬಸ್ ಹತ್ತಿದೆ.

ಆ ಹುಡುಗಿ ಒಬ್ಬಳೇ ಕುಳಿತು ಹೆದರಿಕೊಂಡು ಫೋನನ್ನು ಕೇಳಿದ್ದಳು ಎಂಬುದು ನನಗೆ ಹೊಳೆಯಲೇ ಇಲ್ಲ. ಹೆದರಿದವಳು ಅಕ್ಕನನ್ನು ಬಿಟ್ಟು ಫೋನನ್ನು ಯಾಕೆ ಕೇಳಿದಳು? ಅಕ್ಕನ ಬಾಯಿಯಿಂದ ಅವಳು ಅಷ್ಟು ತಿಂಗಳಲ್ಲಿ ಕೇಳಿದ ಪ್ರಶ್ನೆ ಒಂದೇ, “ನುಂಗಿದ್ಯಾ?”

ಭಾನುವಾರ ಅಂಗಡಿಯ ಶಟರ್ ಅರ್ಧ ಎಳೆದು ಅವಳನ್ನು ಕರೆದೆ. ಹೊಸ ಚೂಡಿದಾರ್‌ಗೆ ಅಳತೆ ಬೇಕು ಎಂದೆ. ಪಾಪ, ಸಂತೋಷದಲ್ಲಿ ಬಂದಳು. ಕೈ ಅಗಲಿಸಿ ನಿಂತಳು. ಸೊಂಟಕ್ಕೆ ಟೇಪ್ ಸುತ್ತಿದೆ.

“ಅಕ್ಕ, ಟೈಟ್ ಹಿಡಿಬೇಡ. ಉಸಿರು ಕಟ್ತದೆ.”

“ಯಾರು?” ಎಂದೆ.

“ಯಾರು ಎಂತ?”

“ನಾಟಕ ಮಾಡ್ಬೇಡ. ಯಾರು ಅಂತ ಹೇಳು. ಅಮ್ಮನಿಗೆ ನಾನು ಹೇಳುವುದಿಲ್ಲ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದು ಅವಳ ಮುಖದಲ್ಲಿ ಕಂಡಿತು. ಅಗಲಿಸಿದ್ದ ಕೈಗಳು ಮೆಲ್ಲ ಕೆಳಗಿಳಿದವು. ಕಿಟ್ ಕೊಟ್ಟೆ. ತೆಗೆದುಕೊಂಡು ಬಚ್ಚಲಿಗೆ ಹೋದಳು, ಬಂದಳು, ಇಸ್ತ್ರಿಯ ಮೇಜಿನ ಮೇಲೆ ಇಟ್ಟಳು.

ಒಂದೇ ಗೆರೆ. ಇಲ್ಲ ಎಂದು ಅರ್ಥ.

ಅಲ್ಲಿಗಾದರೂ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. “ಇದು ಹಳತಾಗಿರ್ಬಹುದು. ಇನ್ನೊಮ್ಮೆ ನೋಡುವ” ಎಂದೆ. ಹೌದು, ನಾನು ಎರಡು ತಂದಿದ್ದೆ. ಕಿಟ್ಟನ್ನೂ ನಂಬದವಳು ನಾನು.

ಎರಡನೆಯದನ್ನು ಅವಳು ಮುಟ್ಟಲಿಲ್ಲ. ಅಳಲಿಲ್ಲ, ಬೊಬ್ಬೆ ಹಾಕಲಿಲ್ಲ. ಗೋಡೆಗೆ ಒರಗಿ ನಿಂತು ಕೇಳಿದಳು, “ಅಕ್ಕ, ಗೋಡೆಯ ಆಚೆ ಮಾತಾಡ್ತಿದ್ದವರು ಎಂತ ಹೇಳ್ತಿದ್ರು ಗೊತ್ತುಂಟಾ ನಿಂಗೆ?”

ಕೊಳಕು ಮಾತು ಎಂದಷ್ಟೇ ಗೊತ್ತಿತ್ತು, ಏನೆಂದು ಕೇಳಿಯೇ ಇರಲಿಲ್ಲ.

“ಇದನ್ನೇ ಹೇಳ್ತಿದ್ದದ್ದು. ಇವಳು ಕೆಟ್ಟವಳು, ಇವಳು ಹಾಗೆ, ಇವಳು ಹೀಗೆ ಅಂತ. ಅದು ಸುಳ್ಳು, ಹಾಗೆ ಯಾರೂ ಹೇಳ್ತಾ ಇಲ್ಲ ಅಂತ ಡಾಕ್ಟ್ರು ಹೇಳಿದ್ರು. ನಾನು ನಂಬಿದೆ. ಈಗ ನೀನೇ ಹೇಳ್ತಾ ಇದ್ದಿ.”

ಎರಡನೇ ಕಿಟ್ಟನ್ನು ನಾನು ಕಸದ ಬುಟ್ಟಿಗೆ ಹಾಕಿದೆ.

ಆ ಸಂಜೆ ಅವಳು ಮಾತ್ರೆ ತೆಗೆದುಕೊಳ್ಳಲಿಲ್ಲ. ನನ್ನ ಅಂಗೈಯಲ್ಲಿದ್ದ ಮಾತ್ರೆಯನ್ನು ನೋಡಿ, “ಇಲ್ಲದ ಸ್ವರ ನಿಲ್ಲಿಸ್ಲಿಕ್ಕೆ ಇದು. ನಿನ್ನ ಸ್ವರಕ್ಕೆ ಮಾತ್ರೆ ಉಂಟಾ?” ಎಂದಳು. ಯಾವುದು ತಪ್ಪಬಾರದು ಎಂದು ನಾನು ಅಷ್ಟು ತಿಂಗಳು ಕಾವಲು ಕುಳಿತಿದ್ದೆನೋ ಅದನ್ನು ನಾನೇ ತಪ್ಪಿಸಿದ್ದೆ.

ಮರುದಿನ ಬೆಳಿಗ್ಗೆಯೇ ಕದ್ರಿಗೆ ಹೋದೆವು. ಅವಳು ನನ್ನ ಜೊತೆ ಬರಲು ಒಪ್ಪಿದ್ದು ಅಮ್ಮ ನಡುವೆ ಕುಳಿತುಕೊಳ್ಳುತ್ತಾಳೆ ಎಂಬ ಷರತ್ತಿನ ಮೇಲೆ. ಡಾಕ್ಟರ್ ನನ್ನನ್ನು ಮಾತಾಡಿಸಲೇ ಇಲ್ಲ. ಅವಳ ಕಡೆ ತಿರುಗಿ, “ನೀನು ಹೇಳು ಮಗಾ, ಹೇಗುಂಟು?” ಎಂದು ಕೇಳಿದರು.

ಅಷ್ಟೇ ಪ್ರಶ್ನೆ. ಅವಳು ಎಲ್ಲ ಹೇಳಿದಳು. ಉಂಡರೂ ಹಸಿವು ನಿಲ್ಲುವುದಿಲ್ಲ. ನಿಲ್ಲಿಸಲು ನೋಡಿದರೆ ತಲೆ ತಿರುಗಿದ ಹಾಗೆ. ಮುಟ್ಟು ನಿಂತಿದೆ. ಪಿ.ಟಿ. ಪಿರಿಯಡ್ಡಿನಲ್ಲಿ ಓಡಲು ಆಗುವುದಿಲ್ಲ, ಎಲ್ಲರೂ ನಗುತ್ತಾರೆ. ಇಷ್ಟು ಸಂಗತಿ ನನ್ನ ಮನೆಯೊಳಗೆ ನಡೆದಿತ್ತು.

“ಈ ಮಾತ್ರೆಯಲ್ಲಿ ಕೆಲವರಿಗೆ ಹೀಗೆ ಆಗುವುದುಂಟು. ಹಸಿವು ಏರ್ತದೆ, ತೂಕ ಏರ್ತದೆ. ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವುದೂ ಉಂಟು. ಅದಕ್ಕೇ ನೋಡ್ತಾ ಇರಿ ಅಂತ ಹೇಳಿದ್ದು” ಎಂದರು ಡಾಕ್ಟರ್. ರಕ್ತ ಪರೀಕ್ಷೆಗೆ ಬರೆದರು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ನಾನು ಮೆಲ್ಲ ಬದಲಿಸಿ ಕೊಡುತ್ತೇನೆ ಎಂದರು. ಆಮೇಲೆ ನನ್ನ ಕಡೆ ನೋಡಿದರು.

“ತೂಕದ ಮೆಷಿನ್ ಮನೆಯಲ್ಲಿ ಇಲ್ಲದಿದ್ರೆ ಟೇಪಾದ್ರೂ ಸಾಕಿತ್ತು. ಒಂದು ಟೇಪ್ ಇಟ್ಟುಕೊಳ್ಳಿ. ನೀವು ಎಂತ ಕೆಲಸ ಮಾಡುವುದು?”

ಅಮ್ಮ ನೆಲ ನೋಡಿದಳು. ಉತ್ತರ ಕೊಟ್ಟದ್ದು ಅನನ್ಯಾ.

“ಟೈಲರ್.”

ರಕ್ತದಲ್ಲಿ ಶುಗರ್ ಏರುವ ದಾರಿ ಹಿಡಿದಿತ್ತು. ಅಮ್ಮನಿಗೆ ಅಷ್ಟು ವಯಸ್ಸಾದ ಮೇಲೆ ಬಂದ ಸಕ್ಕರೆ ಕಾಯಿಲೆ ಈ ಹುಡುಗಿಗೆ ಈಗಲೇ ಬರಲು ಹೊರಟಿತ್ತು. ಸಮಯಕ್ಕೆ ಸಿಕ್ಕಿತು ಎಂದರು. ಸಮಯಕ್ಕೆ? ಚೌತಿಗೆ ನಾನು ಹೊಲಿಗೆ ಬಿಚ್ಚಿದ ದಿನವೇ ಸಿಗಬಹುದಿತ್ತಲ್ಲ!

ನನ್ನ ಹಾಗೆ ಮನೆಯಲ್ಲಿ ಇಂತಹ ಮಗು ಇರುವವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ನನಗೆ ಗೊತ್ತು. ಕದ್ರಿಯ ಆ ಬೆಂಚಿನಲ್ಲಿ ಶಾಲು ಮುಖಕ್ಕೆಳೆದು ಕುಳಿತಿದ್ದ ಇಬ್ಬರು ನನ್ನ ಗಿರಾಕಿಗಳೇ. ಅವರೂ ನನ್ನನ್ನು ನೋಡಿದರು. ಮೂವರೂ ಗುರುತೇ ಇಲ್ಲದ ಹಾಗೆ ಗೋಡೆಯ ಕ್ಯಾಲೆಂಡರ್ ನೋಡಿದೆವು. ಜ್ವರದ ಮಗುವಾದರೆ ಒಬ್ಬರನ್ನೊಬ್ಬರು ಬಿಡುತ್ತಿದ್ದೆವೇ? “ಎಷ್ಟು ದಿನ ಆಯ್ತು, ಮೈ ಬೆಚ್ಚ ಉಂಟಾ, ಊಟ ಸೇರ್ತದಾ” ಎಂದು ಹಣೆ ಮುಟ್ಟಿಯೇ ಕೇಳುತ್ತಿದ್ದೆವು. ಮನಸ್ಸಿನ ಮಾತ್ರೆ ಎಂದ ಕೂಡಲೇ ಮಗು ಕಳ್ಳನಾಗುತ್ತದೆ, ನಾವು ಪೊಲೀಸರಾಗುತ್ತೇವೆ. ನುಂಗಿತೋ ಇಲ್ಲವೋ ಎಂದು ನೋಡುವ ನಾವು, ನುಂಗಿದ ಮೇಲೆ ಅದರ ಮೈಯಲ್ಲಿ ಏನಾಗುತ್ತಿದೆ ಎಂದು ನೋಡುವುದಿಲ್ಲ. ಕಂಡರೂ ಸೋಮಾರಿತನ, ಹಟ, ನಾಟಕ ಎನ್ನುತ್ತೇವೆ. ಅಥವಾ ನನ್ನ ಹಾಗೆ ಇನ್ನೂ ಕೆಟ್ಟದ್ದು.

ಹಾಗೆಂದು ನನ್ನ ಅನುಮಾನ ಹೋಯಿತೇ? ಎಲ್ಲಿಂದ? ಈಗ ಡಾಕ್ಟರ ಮೇಲೂ ಸ್ವಲ್ಪ ಇದೆ. ಅಷ್ಟು ದೊಡ್ಡ ವಿಷಯವನ್ನು ಬಾಗಿಲಿನವರೆಗೆ ಬರುವಷ್ಟರಲ್ಲಿ ಹೇಳಿ ಮುಗಿಸಿದರೆ ನಮ್ಮಂಥವರ ತಲೆಯಲ್ಲಿ ನಿಲ್ಲುತ್ತದೆಯೇ? ಹುಡುಗಿಯನ್ನು ನೋಡದೆ ಮೂರು ನಾಲ್ಕು ಸಲ ಚೀಟಿ ಯಾಕೆ ಬರೆದುಕೊಟ್ಟರು? ಹೊಸ ಮಾತ್ರೆಯ ಬಗ್ಗೆ ಈಗ ನಾನು ಕುರ್ಚಿಯಿಂದ ಏಳದೆ ಕೇಳುತ್ತೇನೆ. ಇದರಿಂದ ಎಂತ ಆಗ್ತದೆ? ಎಂತ ನೋಡ್ಬೇಕು? ಯಾವಾಗ ಬರ್ಬೇಕು? ಅನುಮಾನ ಪಡುವುದೇ ಆದರೆ ಮಾತ್ರೆಯ ಮೇಲೆ ಪಡಬೇಕಿತ್ತು, ಹುಡುಗಿಯ ಮೇಲಲ್ಲ.

ಅನನ್ಯಾ ಈಗ ಮಾತ್ರೆ ತೆಗೆದುಕೊಳ್ಳುತ್ತಾಳೆ. ಅಮ್ಮನ ಕೈಯಿಂದ. ನಾನು ಎದುರಿದ್ದರೆ ಬೇಕೆಂದೇ ಬಾಯಿ ದೊಡ್ಡದಾಗಿ ತೆರೆದು “ಆ...” ಎಂದು ತೋರಿಸುತ್ತಾಳೆ. ನಾನು ಮುಖ ತಿರುಗಿಸುತ್ತೇನೆ. (ತಿರುಗಿಸುವ ಮೊದಲು ನಾಲಗೆಯ ಕೆಳಗೆ ಒಮ್ಮೆ ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ?) ತಿಂಗಳಿಗೊಮ್ಮೆ ನನ್ನ ಕೊರಳಿನಿಂದ ಟೇಪ್ ಎಳೆದುಕೊಂಡು ತಾನೇ ಸೊಂಟ ಅಳೆದು ಅಮ್ಮನಿಗೆ ಕೂಗಿ ಹೇಳುತ್ತಾಳೆ. ನನ್ನ ಕೈಗೆ ಅಳತೆ ಕೊಡುವುದಿಲ್ಲ. ಚೂಡಿದಾರಿನ ಬಟ್ಟೆ ಕಪಾಟಿನಲ್ಲಿ ಹಾಗೆಯೇ ಇದೆ.

ಕಳೆದ ವಾರ ದೀಪ ಹಚ್ಚಿದ್ದು ಅಮ್ಮ. ಬತ್ತಿ ಹೊಸೆಯುತ್ತಾ, ಮೊಣಕಾಲು ನೋವಿಗೆ ಬೈಯುತ್ತಾ, ಮುಖದಲ್ಲಿ ನಗು ಇಟ್ಟುಕೊಂಡು ಹಚ್ಚಿದಳು. ನಾನು ಮೆಷಿನ್ ನಿಲ್ಲಿಸಿ ನೋಡಿದೆ.

ಈ ಬರಹವನ್ನು ಕಳಿಸುವ ಮೊದಲು ಅನನ್ಯಾಳ ಕೈಗೆ ಕೊಟ್ಟೆ. ಕಟಿಂಗ್ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕುಳಿತು ಪೂರ್ತಿ ಓದಿದಳು. ಒಂದು ಕಡೆ ನಾನು ನನ್ನನ್ನು ಸ್ವಲ್ಪ ಹೊಗಳಿಕೊಂಡಿದ್ದೆ, ಅದಕ್ಕೆ ಗೀಟು ಹಾಕಿದಳು. ಕಾಗುಣಿತ ತಿದ್ದಿದಳು. ಹಾಳೆ ವಾಪಸು ಕೊಡುತ್ತಾ ನನ್ನ ಮುಖ ನೋಡಿ ಕೇಳಿದಳು.

“ಅವತ್ತು ಯಾರು, ಯಾರು ಅಂತ ಕೇಳಿದಿ ಅಲ್ವಾ ಅಕ್ಕ. ನಿಂಗೆ ಎಂತ ಆಗ್ತಾ ಉಂಟು ಅಂತ ಒಮ್ಮೆ ಕೇಳ್ಲಿಕ್ಕೆ ಯಾಕೆ ಆಗ್ಲಿಲ್ಲ?”